ಎರಡೇ ಸೀಟಿನ ಕಾರು

ಶೆಟ್ಟಿಹಳ್ಳಿ, ತುಮಕೂರು
17 ನವೆಂಬರ್ 2024, ಭಾನುವಾರ

ಅಮ್ಮನಿಗೆ ಸಂಹಿತಾ ಮಾಡುವ ನಮಸ್ಕಾರ.

ಕವರಿನ ಮೇಲೆ ನನ್ನ ಅಕ್ಷರ ನೋಡಿ ನಿನಗೆ ಗಾಬರಿಯಾಗಿರಬಹುದು. ಯಾರಿಗೂ ಏನೂ ಆಗಿಲ್ಲ. ಅಪ್ಪ ಒಳಗೆ ರೇಡಿಯೋ ಹಾಕಿಕೊಂಡು ಮಲಗಿದ್ದಾರೆ. ಯುಗಾದಿಗೆ, ದೀಪಾವಳಿಗೆ ನಾವಿಬ್ಬರೂ ಫೋನಿನಲ್ಲಿ ಮಾತಾಡುತ್ತೇವಲ್ಲ, ಆ ಮಾತು ಊಟ, ಮಂಡಿನೋವು, ಮಳೆ ಇಷ್ಟರಲ್ಲೇ ಮುಗಿದುಹೋಗುತ್ತದೆ. ಈಗ ಹೇಳಬೇಕಾಗಿರುವುದು ಫೋನಿನಲ್ಲಿ ನನ್ನ ಬಾಯಿಂದ ಹೊರಡುವುದಿಲ್ಲ. ಅದಕ್ಕೇ ಬೆಳಿಗ್ಗೆಯಿಂದ ಈ ಹಾಳೆಗಳ ಮುಂದೆ ಕೂತಿದ್ದೇನೆ. ಎರಡು ಹರಿದು ಹಾಕಿದ್ದೂ ಆಯಿತು.

ವಿಷಯ ಅಪ್ಪನ ಕಾರಿನದು.

ಮಾರ್ಚ್‌ನಲ್ಲಿ ಒಂದು ಸಂಜೆ ಕಾಫಿ ಕುಡಿಯುತ್ತಾ, ಅಂಗಡಿಯಿಂದ ಸೋಪು ತರಬೇಕು ಎನ್ನುವಷ್ಟೇ ಸಹಜವಾಗಿ, ತಮಗೊಂದು ಕಾರು ಬೇಕು ಎಂದರು. ಹಳೆಯದಾದರೂ ಚಿಂತೆಯಿಲ್ಲ. ಆದರೆ ಮೇಲಿನ ಹುಡ್ ಮಡಚಿ ಹಿಂದಕ್ಕೆ ಹಾಕುವಂತಿರಬೇಕು, ಎರಡೇ ಸೀಟಿರಬೇಕು, ನೆಲಕ್ಕೆ ಹತ್ತಿರವಿರಬೇಕು. ರೇಸಿನ ಕಾರಾ ಎಂದು ಕೇಳಿದೆ. ಅಂಥದ್ದೇ, ಸ್ಪೋರ್ಟ್ಸ್ ಕಾರು ಅನ್ನುತ್ತಾರೆ ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಇಡೀ ಜಿಲ್ಲೆಯವರ ಗಾಡಿಗಳನ್ನು ಪರೀಕ್ಷೆ ಮಾಡಿದ ಬ್ರೇಕ್ ಇನ್‌ಸ್ಪೆಕ್ಟರ್ ಸುಬ್ಬಕೃಷ್ಣ ತನಗೆಂದು ಒಂದು ಸ್ಕೂಟರ್ ಬಿಟ್ಟು ಬೇರೇನೂ ಕೊಂಡವರಲ್ಲ. ಎಪ್ಪತ್ನಾಲ್ಕು ವಯಸ್ಸಿಗೆ ಈ ಆಸೆ ಎಲ್ಲಿಂದ ಬಂತು ಎಂದು ಕೇಳಿದೆ.

ಹೇಳಿದರು. 2001ರಲ್ಲಿ ಒಬ್ಬ ಡಾಕ್ಟರು ಮತ್ತು ಅವರ ಹೆಂಡತಿ ಅಂಥದ್ದೊಂದು ಹಳದಿ ಕಾರನ್ನು ರಿಜಿಸ್ಟ್ರೇಷನ್ನಿಗೆ ಆಫೀಸಿಗೆ ತಂದಿದ್ದರಂತೆ. ಅಪ್ಪ ಅದರಲ್ಲಿ ಕೂತು ಮೈದಾನದಲ್ಲಿ ಒಂದು ಸುತ್ತು ಹೊಡೆದರಂತೆ. ಬೇಸಿಗೆಯ ದಿನ, ತಲೆಯ ಮೇಲೆ ಏನೂ ಇಲ್ಲ. ಸಂಜೆ ಅದನ್ನು ಹೇಳಬೇಕೆಂದು ಬೇಗ ಬೇಗ ಮನೆಗೆ ಬಂದರಂತೆ. ನಾನು ಟ್ಯೂಷನ್ನಿಗೆ ಹೋಗಿದ್ದೆ. ನೀನು ಕುಣಿಗಲ್‌ಗೆ ಹೋಗಿ ಆಗಲೇ ಎರಡು ವರ್ಷವಾಗಿತ್ತು. ಬಾಗಿಲು ತೆಗೆದು, ಬಟ್ಟೆ ಬದಲಿಸಿ, ಅನ್ನಕ್ಕೆ ಇಟ್ಟರಂತೆ. ಇಪ್ಪತ್ಮೂರು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಅವತ್ತು ನನಗೆ ಹೇಳಿದರು. ಆಮೇಲೆ ನಾನು ನಗಲಿಲ್ಲ.

ಹುಡುಕಲು ಶುರುಮಾಡಿದೆವು. ಬಿ.ಎಚ್. ರಸ್ತೆಯಲ್ಲಿ ಹಳೇ ಕಾರು ಮಾರುವವನೊಬ್ಬ ಮೇಲೆ ಕಿಟಕಿ ಇರುವ ಕಾರು ತೋರಿಸಿ, ಇದೂ ಒಂಥರಾ ಓಪನ್ನೇ ಅಂದ. ಮೊಬೈಲಿನಲ್ಲಿ ನಾನು ಹುಡುಕಿದ್ದೆಲ್ಲ ಸಿನಿಮಾದವರ ಕಾರುಗಳು. ಜೂನ್‌ನಲ್ಲಿ ಗುಬ್ಬಿಯಿಂದ ಒಂದು ಸುದ್ದಿ ಬಂತು. ಕೊಬ್ಬರಿ ವ್ಯಾಪಾರದ ಮುದ್ದಯ್ಯ ಎಂಬವರ ಶೆಡ್ಡಿನಲ್ಲಿ ಒಂದು ಓಪನ್ ಗಾಡಿ ಇದೆ ಅಂತ. ನನ್ನ ಆಲ್ಟೋದಲ್ಲಿ ಹೋದೆವು. ನೋಡಿದರೆ ಅದು ಮೇಲ್ಭಾಗ ಕತ್ತರಿಸಿ ತೆಗೆದ ಹಳೇ ಜೀಪು. ಅಪ್ಪ ಕತ್ತರಿಸಿದ ಅಂಚಿನ ಮೇಲೆ ಕೈಯಾಡಿಸಿ, ಇದು ಓಪನ್ ಗಾಡಿ ಅಲ್ಲ, ಕೊಯ್ದ ಗಾಡಿ, ರಸ್ತೆಗೆ ತಂದರೆ ಕೇಸಾಗುತ್ತೆ ಎಂದು ಮುದ್ದಯ್ಯನವರಿಗೇ ಬುದ್ಧಿ ಹೇಳಿದರು.

ಅಲ್ಲಿಂದ ಹೊರಡುವಾಗ ಒಂದು ಘಟನೆ ನಡೆಯಿತು. ಶೆಡ್ಡಿನ ಬಾಗಿಲ ಪಕ್ಕದಲ್ಲಿ ತೆಂಗಿನಕಾಯಿಯ ರಾಶಿ. ಸೊಂಟದೆತ್ತರ ಇತ್ತು. ಅಪ್ಪ ನೇರವಾಗಿ ಅದರೊಳಕ್ಕೇ ನಡೆದು ಬಿದ್ದರು. ಎದ್ದು ಪಂಚೆ ಕೊಡವಿಕೊಂಡು, ಬಿಸಿಲಿಂದ ಒಳಗೆ ಬಂದಿದ್ದಕ್ಕೆ ಕಣ್ಣು ಕತ್ತಲೆ ಬಂತು ಎಂದರು. ಅವರು ಬಂದಿದ್ದು ಒಳಗಿನಿಂದ ಹೊರಗೆ.

ಮಾರನೇ ದಿನವೇ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಗ್ಲೂಕೋಮಾ ಅಂತೆ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿನಲ್ಲಿ ಅಕ್ಕಪಕ್ಕದ್ದು ಏನೂ ಕಾಣುವುದಿಲ್ಲ, ಎದುರಿಗೆ ಇರುವುದು ಮಾತ್ರ ಒಂದು ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಆದಷ್ಟು ದಿನ ಉಳಿಸಿಕೊಳ್ಳೋಣ ಎಂದು ಹನಿ ಹಾಕಲು ಬರೆದುಕೊಟ್ಟರು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರೆ ಅಪ್ಪ ಎರಡು ವರ್ಷ ಎಂದರು. ಒಂದೇ ಮನೆಯಲ್ಲಿ, ಒಂದೇ ಟೇಬಲ್ಲಿನ ಎದುರು ಬದುರಿನಲ್ಲಿ ಊಟ ಮಾಡುತ್ತಾ ಎರಡು ವರ್ಷ ನನಗೆ ಗೊತ್ತಾಗಲಿಲ್ಲ. ನಮ್ಮ ಮನೆಯಲ್ಲಿ ಗಾಡಿಗೆ ಮಾಡಿಸಿದ ಹಾಗೆ ಮಾತಿಗೂ ಎಫ್‌ಸಿ, ಫಿಟ್‌ನೆಸ್ ಸರ್ಟಿಫಿಕೇಟು, ಮಾಡಿಸಬೇಕು ಎಂದು ನೀನು ಹಿಂದೆ ಹೇಳುತ್ತಿದ್ದೆಯಲ್ಲ, ಅದು ಈಗಲೂ ಹಾಗೇ ಇದೆ.

ಕಾರಿನ ಆಸೆ ಇನ್ನು ಬಿಡುತ್ತಾರೆ ಅಂದುಕೊಂಡೆ. ಬಿಡಲಿಲ್ಲ. ಮುಚ್ಚಿದ ಗಾಡಿಯಲ್ಲಿ ಕೂತರೆ ಡಬ್ಬದೊಳಗೆ ಹಾಕಿ ಮುಚ್ಚಳ ಹಾಕಿದಂತಾಗುತ್ತದೆ, ಗಾಳಿ ಬಡಿದರೆ ಪಕ್ಕದಲ್ಲಿ ಮರ ಹೋಯಿತೋ ಬಯಲು ಬಂತೋ ಎಂದಾದರೂ ತಿಳಿಯುತ್ತದೆ ಎಂದರು. ಅದೂ ನಿಜವೇ. ಆದರೆ ಅವರ ಮನಸ್ಸಿನಲ್ಲಿದ್ದದ್ದು ಅಷ್ಟೇ ಆಗಿರಲಿಲ್ಲ. ಅದು ನನಗೆ ತಿಳಿದದ್ದು ಅಕ್ಟೋಬರ್‌ನಲ್ಲಿ, ನಿಮ್ಮ ಕುಣಿಗಲ್‌ನಲ್ಲಿ.

ಅಲ್ಲಿ ಚನ್ನವೀರಯ್ಯ ಎಂದು ಒಬ್ಬರಿದ್ದಾರೆ. ಕುದುರೆ ಫಾರ್ಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಯಾರೋ ಕುದುರೆ ಮಾಲೀಕರಿಂದ ಹತ್ತು ವರ್ಷದ ಹಿಂದೆ ಕೊಂಡ ಕೆಂಪು ಕಾರು ಅವರ ಹಿತ್ತಲಲ್ಲಿ ಟಾರ್ಪಾಲಿನ ಅಡಿ ಇತ್ತು. ಪುಟ್ಟದು, ಎರಡು ಸೀಟು, ಬಟ್ಟೆಯ ಹುಡ್. ಅದನ್ನು ತಯಾರಿಸುತ್ತಿದ್ದ ಕಂಪನಿ ಈಗ ಇಲ್ಲವಂತೆ. ಯಾಕೆ ಮಾರುತ್ತೀರಿ ಎಂದು ಕೇಳಿದೆ.

"ಮಂಡಿ ಮಡಚಕ್ಕಾಗಲ್ಲ ಕಣಮ್ಮ. ಒಳಗೇನೋ ಬಿದ್ಬುಡ್ತೀನಿ, ಈಚೆಗೆ ಎತ್ತಕ್ಕೆ ಇಬ್ರು ಬೇಕು" ಎಂದರು.

ಅಪ್ಪ ಆ ಕಾರನ್ನು ಪರೀಕ್ಷೆ ಮಾಡಿದ್ದನ್ನು ನೀನು ನೋಡಬೇಕಿತ್ತು. ಕಣ್ಣನ್ನು ನೆಚ್ಚಿಕೊಳ್ಳಲೇ ಇಲ್ಲ. ಬಾನೆಟ್ಟಿನೊಳಗೆ ಕೈ ಹಾಕಿ, ಕೊರೆದ ಚಾಸಿ ನಂಬರನ್ನು ಒಂದೊಂದೇ ಅಂಕಿಯಾಗಿ ಬೆರಳಿನಲ್ಲೇ ಓದಿದರು. ನಾನು ಆರ್‌ಸಿ ಪುಸ್ತಕ ಹಿಡಿದು ತಾಳೆ ನೋಡಿದೆ, ಒಂದೂ ತಪ್ಪಿರಲಿಲ್ಲ. ಇಂಜಿನ್ನಿನ ಸದ್ದಿಗೆ ಕಿವಿ ಕೊಟ್ಟು ನಿಂತರು. ಬ್ರೇಕ್ ಪೆಡಲನ್ನು ಕೈಯಿಂದ ಒತ್ತಿ ನೋಡಿದರು. ಹದಿನೈದು ವರ್ಷ ದಾಟಿದ ಗಾಡಿಗೆ ರಿಜಿಸ್ಟ್ರೇಷನ್ ಮತ್ತೆ ಮಾಡಿಸಿದ್ದೀರಾ ಎಂದು ಕೇಳಿ, ಮಾಡಿಸಿದ್ದಾರೆ ಎಂದು ತಿಳಿದ ಮೇಲೆ ಅವರ ಮುಖ ಹಗುರಾಯಿತು. ಆಗ ನನಗೆ ತಡೆಯಲಾಗಲಿಲ್ಲ. ಚನ್ನವೀರಯ್ಯ ನೀರು ತರಲು ಒಳಗೆ ಹೋದಾಗ ಮೆಲ್ಲಗೆ ಕೇಳಿದೆ. ನೀವು ಓಡಿಸುವ ಹಾಗಿಲ್ಲ, ನನಗೆ ಲೈಬ್ರರಿಯಲ್ಲಿ ಆರು ದಿನ ಕೆಲಸ, ಇದನ್ನು ಓಡಿಸುವವರು ಯಾರು ಅಂತ.

ಅಪ್ಪ ಸ್ಟಿಯರಿಂಗ್ ಹಿಡಿದುಕೊಂಡೇ ಹೇಳಿದರು. "ನಿಮ್ಮಮ್ಮನ ಹತ್ರ ಲೈಸೆನ್ಸ್ ಇದೆಯಲ್ಲ."

2008ರಲ್ಲಿ ನೀನು ಕುಣಿಗಲ್‌ನ ಆರ್‌ಟಿಒ ಕ್ಯಾಂಪಿನಲ್ಲಿ ಡ್ರೈವಿಂಗ್ ಟೆಸ್ಟ್ ಕೊಟ್ಟೆಯಂತೆ. ಪಟ್ಟಿಯಲ್ಲಿ ಅಂಬುಜಮ್ಮ, ಶಿಕ್ಷಕಿ, ಎಂದು ನೋಡಿದ ಅಪ್ಪ ಟೆಸ್ಟ್ ತೆಗೆದುಕೊಳ್ಳಲು ಜೊತೆಯವರನ್ನು ಕಳಿಸಿ, ತಾವು ಇಲಾಖೆಯ ಜೀಪಿನ ಹಿಂದೆ ನಿಂತು ನೋಡಿದರಂತೆ. ನೀನು ಒಂದು ಕಂಬಕ್ಕೂ ತಾಗಿಸದೆ ರಿವರ್ಸ್ ತೆಗೆದೆಯಂತೆ. ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಒಬ್ಬಳೇ ನಕ್ಕೆಯಂತೆ. ಹೋಗಿ ಮಾತಾಡಿಸಬೇಕಿತ್ತು, ಆಗಲಿಲ್ಲ ಎಂದರು. ಇಷ್ಟನ್ನು ಹೇಳಿ ಮತ್ತೆ ಗೇರ್ ಹಾಕಿ ತೆಗೆದು ನೋಡತೊಡಗಿದರು.

ಆ ಇನ್ನೊಂದು ಸೀಟು ನನಗೆ ಅಂದುಕೊಂಡಿದ್ದೆ ಅಮ್ಮ. ಏಳು ತಿಂಗಳು ಹಾಗೇ ಅಂದುಕೊಂಡು ಹುಡುಕಿದ್ದೆ.

ಚನ್ನವೀರಯ್ಯ ಒಂದು ಸುತ್ತು ಓಡಿಸಿ ನೋಡಿ ಎಂದರು. ನಾನು ಓಡಿಸಿದೆ, ಅಪ್ಪ ಪಕ್ಕದಲ್ಲಿ ಕೂತರು. ಗಾಳಿಗೆ ನಾನು ದುಪಟ್ಟಾ ತಲೆಗೆ ಸುತ್ತಿ ಕಪ್ಪು ಕನ್ನಡಕ ಹಾಕಿದ್ದೆ, ಅಪ್ಪ ಮಂಕಿ ಕ್ಯಾಪ್ ಹಾಕಿದ್ದರು. ಕೆರೆ ಏರಿಯ ಹತ್ತಿರ ಬಂದಾಗ, ನಿನ್ನ ಬೀದಿಯ ಕಡೆ ತಿರುಗಿಸಲು ಹೇಳಿದರು. ತಿರುಗಿಸಿದೆ. ಅಕ್ಟೋಬರ್ ಇಪ್ಪತ್ತು, ಭಾನುವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ನೀನು ಗೇಟಿನ ಹೊರಗೆ ನಿಂತು ಸೊಪ್ಪಿನವಳ ಬುಟ್ಟಿಯಲ್ಲಿ ಕೈಯಾಡಿಸುತ್ತಿದ್ದೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ನೀನು ತಲೆಯೆತ್ತಿ, ಬಿಸಿಲಿಗೆ ಕೈ ಅಡ್ಡ ಹಿಡಿದು ನಮ್ಮ ಕಾರನ್ನು ನೋಡಿದೆ. ಬೀದಿಯವರೆಲ್ಲ ನೋಡಿದ ಹಾಗೆ.

ಅಪ್ಪನ ಎಡಗಡೆಗೆ ನೀನು ಇದ್ದದ್ದು. ಅವರು ಎದುರಿಗೆ ನೋಡುತ್ತಲೇ ಕೇಳಿದರು. "ಅವಳು ಹೊರಗಿದಾಳೇನೇ?"

"ಇಲ್ಲಪ್ಪ, ಬೀಗ ಹಾಕಿದೆ" ಎಂದೆ.

ಅಪ್ಪ ಸರಿ ಎಂದರು. ನಾನು ಬೀದಿ ದಾಟಿಸಿ ಮುಖ್ಯರಸ್ತೆಗೆ ತಂದೆ.

ಯಾಕೆ ಹಾಗೆ ಹೇಳಿದೆ ಎಂದು ನಾಲ್ಕು ವಾರದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನಿನ್ನ ಮೇಲಿನ ಸಿಟ್ಟು ಎಂದು ಮೊದಮೊದಲು ಸಮಾಧಾನ ಮಾಡಿಕೊಂಡೆ. ಸಿಟ್ಟು ಇಲ್ಲವೆಂದಲ್ಲ. ವರ್ಗವಾಗಿದೆ, ಒಂದೇ ವರ್ಷ ಎಂದು ಹೋದೆ. ಕರೆಯಲು ಅಪ್ಪ ಬರಲಿ ಎಂದು ನೀನು, ಹೋದವಳೇ ಬರಲಿ ಎಂದು ಅಪ್ಪ. ಜೊತೆಗೆ ಬರುತ್ತೀಯಾ ಎಂದು ನೀನು ಕೇಳಿದಾಗ ನನಗೆ ಹದಿನಾರು, ಕಾಲೇಜು ಇದೆ ಎಂದೆ. ಇನ್ನೊಂದು ಸಲ ಕೇಳಿದ್ದರೆ ಬರುತ್ತಿದ್ದೆ. ನೀನು ಕೇಳಲಿಲ್ಲ. ಆಮೇಲೆ ನನ್ನನ್ನು ನೋಡಲು ಬಂದವರೆಲ್ಲ ತಾಯಿ ಎಲ್ಲಿ ಎಂದೇ ಶುರುಮಾಡುತ್ತಿದ್ದರು. ಒಂದು ವಯಸ್ಸಾದ ಮೇಲೆ ಯಾರೂ ಬರಲಿಲ್ಲ. ಇದನ್ನೆಲ್ಲ ನಿನ್ನ ಲೆಕ್ಕಕ್ಕೆ ಹಾಕುತ್ತಿಲ್ಲ, ನಡೆದದ್ದು ಹೇಳಿದೆ.

ಆದರೆ ಸುಳ್ಳು ಹೇಳಿದ್ದು ಸಿಟ್ಟಿನಿಂದಲ್ಲ, ಭಯದಿಂದ. ಆ ಕಾರಿನಲ್ಲಿ ಮೂರನೆಯವರಿಗೆ ಜಾಗವಿಲ್ಲ. ನಿಲ್ಲಿಸಿದ್ದರೆ ನಾನು ಇಳಿಯಬೇಕಿತ್ತು. ನೀವಿಬ್ಬರೂ ಹೋಗುತ್ತಿದ್ದಿರಿ, ನಾನು ಆ ಬೀದಿಯಲ್ಲಿ ನಿಂತಿರುತ್ತಿದ್ದೆ. ಇಪ್ಪತ್ತೈದು ವರ್ಷ ಅಪ್ಪನ ಎದುರಿನ ಕುರ್ಚಿಯಲ್ಲಿ ಕೂತವಳು ನಾನು. ನಮ್ಮಿಬ್ಬರಿಗೂ ಮಾತು ಕಡಿಮೆ, ಆದರೂ ಸಂಜೆ ಬಾಗಿಲು ತೆಗೆಯಲು ಒಬ್ಬರಿದ್ದಾರೆ. ಅದೂ ಹೋದರೆ ನನಗೆ ಏನಿದೆ ಎನಿಸಿತು. ನಲವತ್ತೊಂದು ವರ್ಷದವಳು ಅಪ್ಪನ ಬಲಹೀನ ಕಣ್ಣನ್ನು ಉಪಯೋಗಿಸಿಕೊಂಡೆ. ಇದಕ್ಕಿಂತ ಸಣ್ಣತನದ ಕೆಲಸ ನಾನು ಯಾವತ್ತೂ ಮಾಡಿಲ್ಲ.

ಕಾರು ಕೊಂಡೆವು. ಅದೀಗ ನಮ್ಮ ಮನೆ ಮುಂದೆ ನಿಂತಿದೆ. ಅಪ್ಪ ದಿನಾ ಬೆಳಿಗ್ಗೆ ಬಕೆಟ್ ಹಿಡಿದು, ಕೈಯಿಂದ ತಡವಿ ತಡವಿ ತೊಳೆಯುತ್ತಾರೆ. ಭಾನುವಾರ ದೇವರಾಯನದುರ್ಗದ ತಪ್ಪಲಿನವರೆಗೋ ಬೆಳ್ಳಾವಿಯ ಕಡೆಗೋ ಹೋಗಿ ಬರುತ್ತೇವೆ. ಕುಣಿಗಲ್ ಹೆಸರನ್ನು ಅವರು ಮತ್ತೆ ಎತ್ತಲಿಲ್ಲ. ಹೋದ ಭಾನುವಾರ ಬೆಳ್ಳಾವಿ ರಸ್ತೆಯಲ್ಲಿ ಎರಡೂ ಕಡೆ ರಾಗಿ ಕೊಯ್ಲಿಗೆ ಬಂದು ನಿಂತಿತ್ತು. ಅಪ್ಪ, ಈ ಸಲ ಯಾರೂ ಏನೂ ಬಿತ್ತಿಲ್ಲವಾ ಎಂದು ಕೇಳಿದರು. ಶುಕ್ರವಾರ ಮತ್ತೆ ಡಾಕ್ಟರಿಗೆ ತೋರಿಸಿದೆ. ಉಳಿದದ್ದೂ ಬೇಗ ಬೇಗ ಇಳಿಯುತ್ತಿದೆ ಎಂದರು. ಇನ್ನೂ ನಾನು ಸುಮ್ಮನಿದ್ದರೆ, ನೀನು ಎದುರಿಗೆ ನಿಂತರೂ ಅಪ್ಪನಿಗೆ ನಿನ್ನ ಮುಖ ಕಾಣುವುದಿಲ್ಲ.

ಬರುವ ಭಾನುವಾರ, ಇಪ್ಪತ್ನಾಲ್ಕನೇ ತಾರೀಖು, ಹನ್ನೊಂದು ಗಂಟೆಗೆ ಅಪ್ಪನನ್ನು ನಿನ್ನ ಗೇಟಿನವರೆಗೆ ತರುತ್ತೇನೆ. ನಿನಗೆ ಇಷ್ಟವಿಲ್ಲದಿದ್ದರೆ ಫೋನು ಮಾಡಿ ಒಂದು ಮಾತು ಹೇಳು. ಇಷ್ಟವಿದ್ದರೆ ಹೊರಗೆ ನಿಂತಿರು, ಅವರ ನೇರಕ್ಕೆ ನಿಲ್ಲು, ಪಕ್ಕಕ್ಕಲ್ಲ. ಕ್ಲಚ್ ಸ್ವಲ್ಪ ಬಿಗಿ, ಮೂರನೇ ಗೇರ್ ಹಟ ಮಾಡುತ್ತದೆ, ಬಿಟ್ಟರೆ ಒಳ್ಳೆಯ ಕಾರು. ಕೀ ನಿನಗೆ ಕೊಡುತ್ತೇನೆ. ನೀವು ಎಲ್ಲಿಗೆ ಬೇಕಾದರೂ ಹೋಗಿ. ತಡವಾದರೆ ನಾನು ಬಸ್ಸಿನಲ್ಲಿ ತುಮಕೂರಿಗೆ ಹೊರಡುತ್ತೇನೆ, ನನಗಾಗಿ ಅವಸರ ಮಾಡಬೇಡಿ. ಒಬ್ಬಳೇ ಬಾಗಿಲು ತೆಗೆದು ಒಳಗೆ ಹೋಗುವುದನ್ನು ನಾನೂ ಅಭ್ಯಾಸ ಮಾಡಿಕೊಳ್ಳಬೇಕು.

ಆ ದಿನ ಸುಳ್ಳು ಹೇಳಿದ್ದಕ್ಕೆ ನೀನು ನನ್ನನ್ನು ಬೈಯಬಹುದು. ಬೈದರೆ ಒಳ್ಳೆಯದೇ ಅನಿಸುತ್ತದೆ. ಎಷ್ಟೋ ವರ್ಷವಾಯಿತು ನೀನು ನನ್ನನ್ನು ಬೈದು.

ನಿನ್ನ ಮಗಳು,
ಸಂಹಿತಾ

ಮರೆತ ಮಾತು: ಮೇಲಿನದನ್ನು ಬರೆದು ಸಹಿ ಹಾಕಿದ ಮೇಲೆ ಮನಸ್ಸು ತಡೆಯಲಿಲ್ಲ. ಅಪ್ಪ ಎದ್ದು ಬಂದಾಗ ಅವರನ್ನು ಕೂರಿಸಿ ಇದನ್ನು ಮೊದಲಿನಿಂದ ಓದಿ ಹೇಳಿದೆ. ಬೀಗದ ಮಾತು ಬಂದಾಗ ಹಾಳೆ ಕೆಳಗಿಟ್ಟೆ. ಅಪ್ಪ ನೀರು ಕುಡಿ ಎಂದರು. ಆಮೇಲೆ ಹೇಳಿದರು. ಅವತ್ತು ನೀನು ಸೊಪ್ಪಿನವಳಿಗೆ ಮೆಂತ್ಯ ಎಳೇದು ಕೊಡು ಎನ್ನುತ್ತಿದ್ದದ್ದು ಅವರಿಗೆ ಕೇಳಿಸಿತ್ತಂತೆ. ಮತ್ತೆ ಯಾಕೆ ನಿಲ್ಲಿಸು ಎನ್ನಲಿಲ್ಲ ಎಂದು ಕೇಳಿದೆ. "ನೀನು ಬೀಗ ಹಾಕಿದೆ ಅಂದೆಯಲ್ಲ ಮಗು. ಅಷ್ಟು ಹೆದರ್ಕೊಂಡಿರೋಳನ್ನ ಬಿಟ್ಟು ನಾನು ಹೇಗೆ ಇಳೀಲಿ" ಎಂದರು.