ಹೇಡಿ ಎಂದವರು

ಆಲ್ಡರ್‌ಕ್ಲಫ್, ಯಾರ್ಕ್‌ಷೈರ್
೭ ನವೆಂಬರ್ ೧೯೧೫

ಪ್ರೀತಿಯ ಅಣ್ಣ ಸೆತ್‌ಗೆ,

ನಿನ್ನ ಎರಡು ಪತ್ರ ಬಂದರೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಬರೆಯಲು ಕೂತರೆ ಹಾಳೆ ಹರಿದುಹಾಕುತ್ತಿದ್ದೆ. ದುಃಖಕ್ಕಲ್ಲ, ಸಿಟ್ಟಿಗೆ. ಆ ಕಂದಕದ ಚಳಿಯಲ್ಲಿ ನಿನ್ನ ಕೆಮ್ಮು ಹೇಗಿದೆ? ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಅಮ್ಮ ಈಗ ಎದ್ದು ಓಡಾಡುತ್ತಿದ್ದಾಳೆ.

ನಮ್ಮ ತಮ್ಮ ಈನಕ್ ಯಾಕೆ ಸೈನ್ಯಕ್ಕೆ ಹೋದ ಎಂದು ಕೇಳಿದ್ದೀಯ. ಹೇಳುತ್ತೇನೆ.

ಯುದ್ಧ ಶುರುವಾದ ಮೇಲೂ ಕ್ಲಬ್ಬಿನವರು ರಗ್ಬಿ ನಿಲ್ಲಿಸಲಿಲ್ಲ. ಈನಕ್ ಗಣಿಯ ಪಾಳಿ ಮುಗಿಸಿ, ಕಣ್ಣಂಚಿನ ಕಲ್ಲಿದ್ದಲ ಕಪ್ಪು ಹೋಗುವ ಮೊದಲೇ ಮೈದಾನಕ್ಕಿಳಿಯುತ್ತಿದ್ದ. ಅಧ್ಯಕ್ಷ ಸಗ್ಡನ್ ಆಟಗಾರರಿಗೆ, "ಒಂದು ಶನಿವಾರ ತಪ್ಪಿಸಿದ್ರೂ ತಂಡದಲ್ಲಿ ಜಾಗ ಇಲ್ಲ" ಅನ್ನುತ್ತಿದ್ದ. ವಿರಾಮ ಬಂತೆಂದರೆ ಅದೇ ಸಗ್ಡನ್ ಪೆಟ್ಟಿಗೆ ಹತ್ತಿ ನಿಂತು, "ಗಂಡಸರಾಗಿದ್ರೆ ಫ್ರಾನ್ಸಿಗೆ ಹೋಗ್ರೋ" ಎಂದು ಕೂಗುತ್ತಿದ್ದ. ಜನ ಇಬ್ಬಗೆಯ ಆ ಮಾತಿಗೂ ಚಪ್ಪಾಳೆ ಹೊಡೆಯುತ್ತಿದ್ದರು.

ಗಣಿಯಲ್ಲಿ ಮದ್ದು ಸಿಡಿದು ಈನಕ್‌ನ ಎಡಗಿವಿ ಹೋಗಿ, ಬಲಗಿವಿಯೂ ಮಂದವಾಗಿದ್ದು ನಿನಗೆ ಗೊತ್ತು. ಅವನು ಸೈನ್ಯದ ಕಚೇರಿಗೆ ಎರಡು ಸಲ ಹೋಗಿದ್ದ. ಕಿವುಡ ಎಂದು ವಾಪಸ್ ಕಳಿಸಿದ್ದರು. ನಾಚಿಕೆಯಿಂದ ಹೊರಗೆ ಯಾರಿಗೂ ಹೇಳಿರಲಿಲ್ಲ, ನಮ್ಮ ಮನೆಯವರಿಗಷ್ಟೇ ಗೊತ್ತಿತ್ತು.

ಜನವರಿಯ ಪಂದ್ಯದಲ್ಲಿ ಅವನು ಚೆಂಡು ಹಿಡಿದು ಅಂಚಿನುದ್ದಕ್ಕೂ ಓಡಿ, ಗೆರೆಯಾಚೆ ಚೆಂಡು ಊರಿ ಟ್ರೈ ಅಂಕ ಗಳಿಸಿದ. ಆಗ ನಮ್ಮ ಕಡೆಯಿಂದಲೇ ಒಂದು ದನಿ ಬಂತು: "ಓಡೋಕೆ ಚೆನ್ನಾಗಿ ಬರುತ್ತಲ್ಲೋ ಹೇಡಿ! ಜರ್ಮನ್ನರ ಎದುರು ಓಡು, ನೋಡೋಣ." ಸುತ್ತ ಇದ್ದವರೆಲ್ಲ ನಕ್ಕರು. ಆಮೇಲೆ ನೋಡುಗರ ಇಡೀ ಕಟ್ಟೆಯೇ "ಹೇಡಿ, ಹೇಡಿ" ಎಂದು ಹಾಡಲು ಹತ್ತಿತು. ಅವನು ಕೊನೆಯವರೆಗೂ ಆಡಿದ. ಸೋಮವಾರ ಲೀಡ್ಸ್‌ಗೆ ಹೋಗಿ, ವೈದ್ಯರ ತುಟಿ ನೋಡುತ್ತಲೇ ಉತ್ತರ ಕೊಟ್ಟು ಸೇರಿಕೊಂಡ.

"ನಿಂಗೆ ಬುದ್ಧಿ ಕೆಟ್ಟಿದೆಯೇನೋ?" ಅಂದೆ.

"ಬಿಡೇ ಹೆಟ್ಟಿ. ಇನ್ನು ಆ ಮೈದಾನಕ್ಕೆ ಕಾಲಿಡಕ್ಕಾಗಲ್ಲ" ಅಂದ.

ಅವನು ಸತ್ತ ದಿನ ಫಿರಂಗಿ ಗುಂಡು ಬರುವ ಸದ್ದಿಗೆ ಜೊತೆಯವರೆಲ್ಲ ನೆಲಕ್ಕೆ ಬಿದ್ದರಂತೆ, ಇವನೊಬ್ಬ ನಿಂತೇ ಇದ್ದನಂತೆ. ಗಾಯಗೊಂಡು ಊರಿಗೆ ಬಂದ ಅವನ ಗೆಳೆಯನೇ ಹೇಳಿದ.

ಮೊನ್ನೆ ಸಗ್ಡನ್ ಟೋಪಿ ಕೈಯಲ್ಲಿ ಹಿಡಿದು ಬಂದ. "ಕ್ಲಬ್ಬಿನ ಗೋಡೆಗೆ ವೀರನ ಆಟದ ಅಂಗಿ ತೂಗುಹಾಕ್ತೀವಮ್ಮ, ಕೊಡು."

"ಅವನು ಬದುಕಿದ್ದಾಗ ವೀರ ಅಂದ್ರಾ? ನಿಮ್ಮ ಗೋಡೆ ಬರಿದಾಗೇ ಇರ್ಲಿ" ಎಂದು ಬಾಗಿಲು ಹಾಕಿದೆ. ಈ ವರ್ಷವೂ ಆಟ ನಡೆಯುತ್ತಿದೆ. ಶನಿವಾರ ಆ ಗದ್ದಲ ನಮ್ಮ ಅಡುಗೆಮನೆಯವರೆಗೂ ಕೇಳುತ್ತದೆ. ನಾನು ಕಿಟಕಿ ಮುಚ್ಚಿಕೊಳ್ಳುತ್ತೇನೆ.

ನೀನು ತಲೆ ತಗ್ಗಿಸಿ ಬದುಕು, ಅಣ್ಣ. ವೀರನಾಗಬೇಡ. ದೇವರು ನಿನ್ನನ್ನು ಇದ್ದ ಹಾಗೇ ವಾಪಸ್ ಕಳಿಸಲಿ.

ನಿನ್ನ ತಂಗಿ,
ಹೆಟ್ಟಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅವತ್ತು ಮೊದಲು ಹೇಡಿ ಎಂದು ಕೂಗಿದ್ದು ಅಪ್ಪ. ನೀನು ಹೋಗಿದ್ದರೂ, ಪಕ್ಕದವರು ತಮ್ಮ ಗಂಡುಮಕ್ಕಳೆಲ್ಲ ಸೈನ್ಯಕ್ಕೆ ಹೋದರೆಂದು ಕೊಚ್ಚಿಕೊಳ್ಳುತ್ತಿದ್ದರು, ಅವರ ಮುಂದೆ ಅಪ್ಪನಿಗೆ ಅವಮಾನವಾಗಿತ್ತು. ಈನಕ್ ತಿರುಗಿ ನೋಡಿದ. ದನಿ ಯಾರದೆಂದು ಅವನಿಗೆ ಗೊತ್ತಾಯಿತು. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಅಪ್ಪನಿಗೆ ನಾನು ದಿನಾ ಊಟ ಬಡಿಸುತ್ತೇನೆ, ಆದರೆ ಮಾತಾಡುವುದಿಲ್ಲ.