ಲೋಟ ಎತ್ತಿಟ್ಟ ಕೈ

ದೊಡ್ಡನೆಕ್ಕುಂದಿ
ಭಾನುವಾರ, ೧೬ ಜೂನ್ ೨೦೨೪

ಶಾಂಭವಿಯ ಅಪ್ಪನವರಿಗೆ ಯಂಕಮ್ಮ ಮಾಡುವ ನಮಸ್ಕಾರ.

ನಾನೂ ಮಗಳೂ ಹೇಗೋ ಇದ್ದೇವೆ. ನೀವು ಫೋನ್ ಎತ್ತುವುದಿಲ್ಲ. ವಾಟ್ಸಾಪ್ ಮಾಡಿದರೆ ಕೆ.ಆರ್. ಪುರದ ಆ ರೂಮಿನಲ್ಲಿ ಯಾರ ಕಣ್ಣಿಗೆ ಬೀಳುತ್ತದೋ. ಅದಕ್ಕೇ ಈ ಕಾಗದ. ಲಕೋಟೆಗೆ ಅನ್ನದ ಅಗುಳು ಒತ್ತಿ ಅಂಟಿಸಿದ್ದೇನೆ. ತಂದುಕೊಡುವ ನಿಮ್ಮ ಗೆಳೆಯ ಭೀಮೇಶನಿಗೆ ಒಳಗೇನಿದೆ ಎಂದು ಗೊತ್ತಿಲ್ಲ.

ವಿಷಯ ನಿಮ್ಮ ಕೈಯದು. ನನ್ನ ಹಾಗೆ ಎಚ್‌ಐವಿ ಬಂದವರು ಮನೆಯೊಳಗೆ ಹೇಗೆ ಬದುಕುತ್ತಾರೆಂದು ಡಾಕ್ಟರುಗಳು ತಿಳಿಯಬೇಕಂತೆ. ಮುಖ ಕಾಣದ ಹಾಗೆ ನನ್ನ ಫೋನಿನಲ್ಲೇ ವಿಡಿಯೋ ಮಾಡಿಕೊಡಲು ಆಸ್ಪತ್ರೆಯ ಅಧ್ಯಯನದ ಸುಕನ್ಯ ಮೇಡಂ ಕೇಳಿದ್ದರು. ನಾನು ಮಾಡುತ್ತಿದ್ದೇನೆಂದು ತಿಳಿದ ಸಂಜೆಯೇ ನೀವು ಬ್ಯಾಗು ತುಂಬಿದಿರಿ. ಮಾನ ಬೀದಿಗೆ ತಂದೆ ಅಂದಿರಿ. ತರಲು ನನ್ನ ಹತ್ತಿರ ಏನು ಉಳಿದಿತ್ತೋ ಕಾಣೆ.

ನಾನು ತೆಗೆದದ್ದೇನು ಮಹಾ. ರೊಟ್ಟಿ ಬಡಿಯುವ ಕೈ, ಮಾತ್ರೆ ಹಿಡಿದ ಕೈ. ಒಂದು ಬೆಳಿಗ್ಗೆ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಮಾತ್ರೆ ನುಂಗಿ ಲೋಟ ಕೆಳಗಿಟ್ಟೆ. ನಿಮ್ಮ ಕೈ ಬಂದು ಶಾಂಭವಿಯ ತಟ್ಟೆಯ ಪಕ್ಕದಿಂದ ಅದನ್ನೆತ್ತಿ ಬಚ್ಚಲ ಗೂಡಿನಲ್ಲಿಟ್ಟಿತು. ಶಿವಾಜಿನಗರದಲ್ಲಿ ಹಾಕಿಸಿಕೊಂಡ ನನ್ನ ಹೆಸರಿನ ಹಚ್ಚೆ ಚೆನ್ನಾಗಿ ಕಾಣುತ್ತದೆ. ನೋವಾಯಿತೇ ಎಂದು ಆವತ್ತು ಕೇಳಿದ್ದಕ್ಕೆ, ನಿನ್ನ ಹೆಸರಲ್ಲವೇ ಎಂದು ನಕ್ಕಿದ್ದಿರಿ.

ಸುಕನ್ಯ ಮೇಡಂ ನೋಡಿ ಅತ್ತರು. ಕ್ಯಾಂಟೀನಿನ ಪಾತ್ರೆ ತೊಳೆದು ಬಂದ ನನಗೆ ಅಳುವ ತ್ರಾಣವೂ ಇರಲಿಲ್ಲ. ಡಾಕ್ಟರುಗಳು ನೋಡಬೇಕಾದದ್ದು ಇದನ್ನೇ, ಆದರೆ ವಿಡಿಯೋದಲ್ಲಿ ಬಂದವರೆಲ್ಲ ಒಪ್ಪಬೇಕು ಎಂದರು. "ನಿಮ್ಮನೆಯವ್ರ ಹೆಸ್ರು ಹೇಳಿಯಮ್ಮ" ಅಂದಾಗ ಎಂದಿನಂತೆ ಶಾಂಭವಿಯಿಂದ ಹೇಳಿಸಿದೆ. ಗಂಡನ ಹೆಸರು ಹೇಳದವಳು ಗಂಡನ ಕೈಯನ್ನು ನಾಲ್ಕು ಜನರಿಗೆ ತೋರಿಸಲು ಹೊರಟಿದ್ದಾಳೆಂದು ನಗಬೇಡಿ.

ಹಚ್ಚೆಯನ್ನು ಮಸುಕು ಮಾಡುತ್ತಾರಂತೆ. ಬೇಡವೆಂದರೆ ಅಷ್ಟನ್ನೂ ತೆಗೆದುಹಾಕುತ್ತಾರೆ. ಹೂಂ ಅನ್ನಿ, ಊಹೂಂ ಅನ್ನಿ, ಭೀಮೇಶನ ಕೈಯಲ್ಲಿ ಹೇಳಿಕಳಿಸಿ. ಕೋಪವಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕೋಪ ಇದೆ, ಅದನ್ನು ಹೊತ್ತು ತಿರುಗಲು ಆಗುತ್ತಿಲ್ಲ.

ಇಂತಿ,
ನಿಮ್ಮ ಕೈಮೇಲಿರುವ ಹೆಸರಿನವಳು,
ಯಂಕಮ್ಮ

ಬರೆಯಲೋ ಬೇಡವೋ ಅಂದುಕೊಂಡಿದ್ದ ಮಾತು: ಲೋಟದ ವಿಡಿಯೋ ಮಾಡಿದ ಆ ಬೆಳಿಗ್ಗೆ ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತು ನಾನು ನೀರಿಗೆ ಹೋಗಿದ್ದೆ. ನೀವು ನನ್ನ ಡಬ್ಬಿಯಿಂದ ಒಂದು ಮಾತ್ರೆ ತೆಗೆದು, ಬಚ್ಚಲ ಗೂಡಿನ ಅದೇ ಲೋಟದಲ್ಲಿ ನೀರು ಕುಡಿದು ನುಂಗಿದಿರಿ. ತಿಂಗಳು ತುಂಬುವ ಮೊದಲೇ ಮಾತ್ರೆ ಮುಗಿದು ನಾನು ಆಸ್ಪತ್ರೆಯಲ್ಲಿ ಬೈಸಿಕೊಳ್ಳುತ್ತಿದ್ದದ್ದು ಏಕೆಂದು ಆಮೇಲೆ ವಿಡಿಯೋ ನೋಡಿದಾಗ ತಿಳಿಯಿತು. ಮೇಡಂಗೆ ಕೊಡುವ ಮೊದಲೇ ಅಷ್ಟನ್ನು ಕತ್ತರಿಸಿದೆ, ಯಾರೂ ನೋಡಿಲ್ಲ. ಈಗ ಅಲ್ಲಿ ಯಾರ ಮಾತ್ರೆ ನುಂಗುತ್ತಿದ್ದೀರಿ? ಬನ್ನಿ, ಆಸ್ಪತ್ರೆಗೆ ಜೊತೆಯಲ್ಲೇ ಹೋಗೋಣ. ಚೀಟಿ ಮಾಡಿಸುವಾಗ ಹೆಸರು ಕೇಳುತ್ತಾರೆ. ಅದನ್ನು ಮಾತ್ರ ನೀವೇ ಹೇಳಬೇಕು.