ತಂಗೆವ್ವಗ ಹನ್ನೊಂದರ ಬಿಸಲು

ನವೆಂಬರ್ 18, ಮಂಗಳವಾರ

ಏಳಕ್ಕ ಮಗ್ಗ ಚಾಲೂ. ಹತ್ತಕ್ಕ ಬಂದ್ ಮಾಡಿ ಹೆಂಡತಿ ತಂಗೆವ್ವನ್ನ ಜಮಖಂಡಿ ಡಾಕ್ಟರ್ ಕಡೆ ಕರಕೊಂಡ ಹೋದೆ. ಮೂರು ತಿಂಗಳಾತು, ಅಕಿಗೆ ಕುಂತ್ರ ಏಳಾಕ ಆಗಂಗಿಲ್ಲ. ಗ್ವಾಡಿ ಹಿಡದ ನಡೀತಾಳ.

ರಿಪೋರ್ಟ್ ಬಂತು. ವಿಟಮಿನ್ ಡಿ ಬರೇ ಆರು, ಮೂವತ್ತರ ಮ್ಯಾಲ ಇರಬೇಕಂತ. ನಕ್ಕಬಿಟ್ಟೆ — ನಮ್ಮ ಬನಹಟ್ಟ್ಯಾಗ ಬಿಸಲಿಗೆ ಬರಾನ? ಡಾಕ್ಟರ್ ನಗಲಿಲ್ಲ. "ಬಿಸಲು ಊರಾಗ ಐತಿ. ಇವರ ಮೈಮ್ಯಾಲ ಯಾವಾಗ ಬಿದ್ದಿತ್ತು?"

ಇಪ್ಪತ್ತು ವರ್ಷ ಶೆಡ್ಡಿನಾಗ ಕುಂತು ನನ್ನ ಮಗ್ಗಕ್ಕ ಕಂಡಕಿಗೆ ನೂಲು ಸುತ್ತ್ಯಾಳ.

ಸಂಜಿ

ಅವ್ವಗ ಸಿಟ್ಟು. "ದಿನಾ ರೊಟ್ಟಿ, ಹೆಸರಕಾಳು, ಮೆಂತೆ ಪಲ್ಲೆ, ಗಟ್ಟಿ ಮೊಸರು... ಈ ಹೊಳೆವ್ವ ಸೊಸಿನ್ನ ಉಪವಾಸ ಕೆಡವ್ಯಾಳ ಅಂತ ಬರದಾನೇನ ಆ ಡಾಕ್ಟರ?"

ಇಲ್ಲ ಬೇ, ಅದರಾಗ ಬ್ಯಾರೆ ವಿಟಮಿನ್ ಅದಾವ. ಈ ಡಿ ಊಟದಾಗ ಭಾಳ ಕಡಿಮಿ — ಕೋಳಿ ತತ್ತ್ಯಾಗ, ಅಣಬ್ಯಾಗ ಒಂದೀಟು. ಬಿಸಲು ಬಿದ್ರ ಮೈಯಾಗ ತಾನ ತಯಾರಾಗತೈತಿ, ಎಲುಬು ಗಟ್ಟಿ ಆಗತಾವ ಅಂದೆ. ಅವ್ವಗ ತತ್ತಿ ಅಂದದ್ದಷ್ಟ ಕೇಳಿತು; ನಮ್ಮ ಮನ್ಯಾಗ ತತ್ತಿ ನಡಿಯಂಗಿಲ್ಲ. ಎದ್ದು ಹೋದ್ಲು.

ನವೆಂಬರ್ 21

ಡಾಕ್ಟರ್ ಕೊಟ್ಟ ವಿಟಮಿನ್ ಪುಡಿ ವಾರಕ್ಕೊಂದು, ಹಾಲಿನಾಗ. ದಿನಾ ಹನ್ನೊಂದಕ್ಕ ಮಾಳಿಗಿ ಮ್ಯಾಲ ಬಿಸಲು. ಆದ್ರ ಇಕಿ ತಲಿಯಿಂದ ಕಾಲ ತನಕಾ ಸೀರಿ ಸುತ್ತಿ ನೂಲಿನ ಗಂಟಿನಂಗ ಕುಂದರತಾಳ! ಕೈಕಾಲು ಬಿಸಲಿಗಿಡು ಅಂದ್ರ — "ಓಣಿ ಮಂದಿ ನೋಡ್ತಾರ. ಅತ್ತಿ ಕೆಳಗ ಅದಾರ. ನಾಚಿಕಿ ಐತೋ ಇಲ್ಲೋ ನಿಮಗ?"

ನವೆಂಬರ್ 24

ಮಾಳಿಗಿ ಮ್ಯಾಲ ನಾಲ್ಕು ಗಳ ನಿಲ್ಲಿಸಿ, ನಾನ ನೇದ ಸೀರಿ ಸುತ್ತ ಕಟ್ಟಿದೆ. ಮ್ಯಾಲ ಬರೇ ಆಕಾಶ. "ಹೊಸ ಸೀರಿ, ಬಣ್ಣ ಹೋಗತೈತ್ರೀ" ಅಂದ್ಲು. ಹೋಗ್ಲಿ. ನೀ ನಡದ್ರ ಸಾಕು ನನಗ.

ಅಷ್ಟರಾಗ ಅವ್ವ ಹತ್ತಿ ಬಂದ್ಲು. ಸೀರಿ ಸರಿಸಿ ಒಳಗ ಹೋದ್ಲು. "ಸರಕೋ ತಂಗೆವ್ವ. ನನ್ನ ಮಣಕಾಲೇನ ಕಬ್ಬಿಣದ್ದಾ? ಸೆರಗು ತಗಿ, ನಾನ ಹೇಳಾಕತ್ತೇನಿ." ಆಮ್ಯಾಲ ನನಗ — "ಗೂಳಪ್ಪಾ, ನಿಂದೇನೋ ಇಲ್ಲಿ? ಕೆಳಗ ಹೋಗು."

ಇಳದೆ. ಮ್ಯಾಲ ಇಬ್ಬರೂ ನಗಾಕತ್ತಿದ್ರು.

ಜನವರಿ 27

ಬರಿಯಾಕ ಆಗಿಲ್ಲ. ಅಕಿ ಬಿಸಲಿಗೆ ಹೋದ್ರ, ಕಂಡಕಿ ನಾನ ಸುತ್ತಬೇಕು. ಬೆನ್ನು ಹಿಡದೈತಿ. ಇಪ್ಪತ್ತು ವರ್ಷ ಹೆಂಗ ಕುಂತ್ಲೋ... ಒಂದ ಸಲಾನೂ ಕೇಳಲಿಲ್ಲ ನಾ.

ಇವತ್ತ ಹದಿನಾಲ್ಕೂ ಮೆಟ್ಟಿಲು ತಾನ ಇಳದ್ಲು. ಗ್ವಾಡಿ ಮುಟ್ಟಲಿಲ್ಲ. ಎರಡೂ ಕೈತುಂಬ ಮಡಿಚಿದ ಸೀರಿ, ಖರೇನ ಬಣ್ಣ ಹೋಗೈತಿ. ನನ್ನ ಕಣ್ಣಾಗ ನೀರು ಬಂತು. ಅಕಿ ನೋಡಿದ್ಲು. "ನೀವೂ ಅದ ಶೆಡ್ಡಿನಾಗ ಕುಂತೀರಲ್ಲ ಇಷ್ಟು ವರ್ಷ. ನಾಳೆ ಬರ್ರಿ ಮ್ಯಾಲ."

ಜನವರಿ 28, ಹನ್ನೊಂದು

ಮಗ್ಗ ಬಂದ್. ಅವ್ವ ಮಠಕ್ಕ ಹೋಗ್ಯಾಳ. ಮತ್ತ ಕಟ್ಟಿದ ಸೀರಿ ಒಳಗಿಂದ ತಂಗೆವ್ವ ಕರಿಯಾಕತ್ತಾಳ — "ಅಂಗಿ ತಗದ ಬರ್ರಿ!" ಇಡೀ ಓಣಿಗೆ ಕೇಳೂಹಂಗ. ಈಗ ನನಗ ನಾಚಿಕಿ... ಬಂದೆ, ತಂಗೆವ್ವ, ಬಂ—